ಹಿಟ್ಟೋ, ಹುಳವೋ, ಮಿನುಗುವ ತಗಡೋ?

ಯರಗಟ್ಟಿಯಿಂದ ಗಾಳ ಹಿಡಿದು ಹೊರಡುವವರಿಗೆ ನೀರಿನ ಕೊರತೆಯಿಲ್ಲ. ದಕ್ಷಿಣಕ್ಕೆ ಮಲಪ್ರಭೆ, ನವಿಲುತೀರ್ಥದ ಆಣೆಕಟ್ಟು, ಅದರ ಹಿಂದೆ ಹರಡಿಕೊಂಡ ರೇಣುಕಾಸಾಗರ. ಉತ್ತರಕ್ಕೆ ಗೋಕಾಕದ ಕಡೆ ಘಟಪ್ರಭೆ. ನಡುವೆ ಊರೂರಿನ ಕೆರೆಗಳು, ಕಾಲುವೆಗಳು, ಈಚಿನ ವರ್ಷಗಳಲ್ಲಿ ತೋಡಿದ ಕೃಷಿ ಹೊಂಡಗಳು. ಹೊಸಬರು ತಬ್ಬಿಬ್ಬಾಗುವುದು ನೀರಿನ ಬಗ್ಗೆ ಅಲ್ಲ, ಮುಳ್ಳಿನ ತುದಿಗೆ ಏನು ಸಿಕ್ಕಿಸಬೇಕು ಎಂಬುದರ ಬಗ್ಗೆ. ದಂಡೆಯಲ್ಲಿ ಕೂತ ಹಿರಿಯರನ್ನು ಕೇಳಿದರೆ ಹಿಟ್ಟು, ಎರೆಹುಳ ಎನ್ನುತ್ತಾರೆ. ಬೆಳಗಾವಿಯಿಂದಲೋ ಆನ್‌ಲೈನಿನಲ್ಲೋ ರಾಡು, ರೀಲು ತರಿಸಿಕೊಂಡ ಹುಡುಗರು ಲೂರ್ ಎನ್ನುತ್ತಾರೆ: ತಗಡಿನ ಸ್ಪೂನ್, ರಬ್ಬರಿನ ಕಪ್ಪೆ, ಪ್ಲಾಸ್ಟಿಕ್ಕಿನ ಪುಟ್ಟ ಮೀನು. ಎರಡೂ ಕಡೆಯವರು ಮೀನು ಹಿಡಿದೇ ಮಾತನಾಡುವವರು. ಆದ್ದರಿಂದ ಯಾರ ಮಾತನ್ನೂ ಅನುಭವವಿಲ್ಲದ್ದೆಂದು ತಳ್ಳಿಹಾಕುವಂತಿಲ್ಲ.

ಈ ಜಗಳದ ಅರ್ಧಪಾಲು ಮನುಷ್ಯರ ರುಚಿಯದಲ್ಲ, ಮೀನಿನ ಜಾತಿಯದು. ಕಾಟ್ಲಾ ನೀರಿನ ಮೇಲ್ಪದರದಲ್ಲಿ ಮೇಯುತ್ತದೆ, ರೋಹು ನಡುಪದರದಲ್ಲಿ, ಮೃಗಾಲ್ ತಳದಲ್ಲಿ. ಸಾಮಾನ್ಯ ಗೆಂಡೆ ತಳದ ಕೆಸರನ್ನು ಕೆದಕಿ ಸಿಕ್ಕಿದ್ದನ್ನು ಬಾಯಿಗೆ ಎಳೆದುಕೊಳ್ಳುತ್ತದೆ. ಓಡುವ ಮೀನನ್ನು ಬೆನ್ನಟ್ಟಿ ನುಂಗುವ ಸ್ವಭಾವ ಇವಕ್ಕೆ ಬಹುಮಟ್ಟಿಗೆ ಇಲ್ಲ. ಮರಲ್ ಎಂದೂ ಕೊರವ ಎಂದೂ ಕರೆಯುವ ಹಾವುತಲೆಯ ಮೀನು, ಉದ್ದ ಮೈಯ ಬಾಳೆಮೀನು ಇವೆರಡೂ ಹುಟ್ಟಾ ಬೇಟೆಗಾರರು. 1952ರಲ್ಲಿ ಭಾರತಕ್ಕೆ ಬಂದು ಈಗ ಕೆರೆಕೆರೆಯಲ್ಲೂ ನೆಲೆಯೂರಿರುವ ತಿಲಾಪಿಯ, ಅಂದರೆ ಪೇಟೆಯಲ್ಲಿ ಜಿಲೇಬಿ ಎಂದು ಮಾರಾಟವಾಗುವ ಮೀನು, ಹಿಟ್ಟನ್ನೂ ಬಿಡುವುದಿಲ್ಲ, ಹುಳವನ್ನೂ ಬಿಡುವುದಿಲ್ಲ. ಹೀಗಿರುವಾಗ ಯಾವುದು ಒಳ್ಳೆಯದು ಎಂದು ಕೇಳುವ ಮೊದಲು ಯಾವ ನೀರು, ಯಾವ ಮೀನು ಎಂದು ಕೇಳುವುದು ನ್ಯಾಯ.

ಹಿಟ್ಟಿನ ಪಕ್ಷದವರ ಮೊದಲ ವಾದ ಇಲ್ಲಿಂದಲೇ ಹುಟ್ಟುತ್ತದೆ. 1957ರ ಜುಲೈ 10ರಂದು ಮೀನು ವಿಜ್ಞಾನಿ ಹೀರಾಲಾಲ್ ಚೌಧುರಿ ಚೋದಕ ಚುಚ್ಚಿ ಗೆಂಡೆ ಜಾತಿಯ ಮೀನನ್ನು ಮೊಟ್ಟೆಯಿಡಿಸಿದ ಮೇಲೆ ಮೀನುಮರಿಗಾಗಿ ಹೊಳೆಯ ಪ್ರವಾಹವನ್ನೇ ಕಾಯುವುದು ತಪ್ಪಿತು. ಆ ದಿನವನ್ನು ಈಗ ರಾಷ್ಟ್ರೀಯ ಮೀನು ಕೃಷಿಕರ ದಿನವಾಗಿ ಆಚರಿಸುತ್ತಾರೆ. ನಿಂತ ನೀರಿನಲ್ಲಿ ತಾವಾಗಿ ಮರಿ ಮಾಡದ ಕಾಟ್ಲಾ, ರೋಹು, ಮೃಗಾಲ್ ಇಂದು ನಮ್ಮ ಕೆರೆ, ಜಲಾಶಯಗಳಲ್ಲಿ ಇರುವುದು ಬಿತ್ತಿದ ಮರಿಗಳಿಂದ. ಸಾಕಣೆದಾರರು ಇವಕ್ಕೆ ಹಾಕುವುದು ಅಕ್ಕಿ ತೌಡು, ಶೇಂಗಾ ಹಿಂಡಿ. ನೀರಿನಲ್ಲಿ ಹೆಚ್ಚು ಇರುವ ಮೀನು ಯಾವ ರುಚಿಗೆ ಒಗ್ಗಿದೆಯೋ ಅದನ್ನೇ ಗಾಳಕ್ಕೆ ಹಾಕುವುದು ಜಾಣತನವಲ್ಲವೇ ಎಂದು ಅವರು ಕೇಳುತ್ತಾರೆ. ಶೃಂಗೇರಿಯ ತುಂಗೆಯಲ್ಲಿ ಯಾತ್ರಿಕರು ಎರಚಿದ ಮಂಡಕ್ಕಿಗೆ ಮುಗಿಬೀಳುವ ದೇವರ ಮೀನುಗಳನ್ನು ನೋಡಿದವರಿಗೆ ಈ ವಾದದ ಬಲ ತಿಳಿಯುತ್ತದೆ. ಕಾವೇರಿಯ ಭೀಮೇಶ್ವರಿ, ದೊಡ್ಡಮಾಕಳಿಗಳಲ್ಲಿ ಮಹಸೀರ್ ಹಿಡಿಯಲು ದೇಶವಿದೇಶದ ಹವ್ಯಾಸಿಗಳು ಬರುತ್ತಿದ್ದ ಕಾಲದಲ್ಲಿ, ದುಬಾರಿ ರಾಡಿನ ತುದಿಯಲ್ಲಿ ಇರುತ್ತಿದ್ದುದು ರಾಗಿ ಮುದ್ದೆ.

ಎರಡನೆಯ ವಾದ ಖರ್ಚಿನದು. ಹಿಟ್ಟು ಮನೆಯ ಡಬ್ಬಿಯಲ್ಲೇ ಇದೆ, ಹಿಂಡಿ ದನದ ಕೊಟ್ಟಿಗೆಯಲ್ಲಿ, ಹುಳ ತಿಪ್ಪೆಯ ಅಂಚಿನಲ್ಲಿ. ಬಿದಿರಿನ ಕೋಲು, ನಾಲ್ಕು ಮಾರು ತಂಗೂಸು, ಜೋಳದ ದಂಟಿನ ಬೆಂಡು, ಒಂದು ಮುಳ್ಳು ಇಷ್ಟಿದ್ದರೆ ಶುರು ಮಾಡಬಹುದು. ಹೊಸಬನಿಗೆ ಕೈ ಪಳಗುವ ಮೊದಲು ಮುಳ್ಳು ಕಳೆಯುವುದು ಸಹಜ. ಕಳೆದದ್ದು ಎರಡು ರೂಪಾಯಿಯ ಮುಳ್ಳಾದರೆ ಯಾರಿಗೂ ಬೇಸರವಿಲ್ಲ.

ಆದರೆ ಹಿಟ್ಟು ಕಲಸುವುದು ಹೇಳುವಷ್ಟು ಸುಲಭವಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಈ ಸೀಮೆಯಲ್ಲಿ ಕೈಗೆ ಸಿಗುವುದು ಜೋಳದ ಹಿಟ್ಟು. ಅದಕ್ಕೆ ಗೋಧಿಯ ಅಂಟು ಇಲ್ಲ. ತಣ್ಣೀರಿನಲ್ಲಿ ಕಲಸಿ ಮುಳ್ಳಿಗೆ ಸಿಕ್ಕಿಸಿದರೆ ನೀರಿಗೆ ಬಿದ್ದ ಸ್ವಲ್ಪ ಹೊತ್ತಿನಲ್ಲೇ ಉಂಡೆ ಬಿಚ್ಚಿ ಕರಗುತ್ತದೆ, ಬರಿ ಮುಳ್ಳು ಉಳಿಯುತ್ತದೆ. ರೊಟ್ಟಿ ಬಡಿಯುವವರಿಗೆ ಇದರ ಪರಿಹಾರ ಗೊತ್ತು: ಕುದಿಯುವ ಎಸರು ಹಾಕಿ ಹಿಟ್ಟು ನಾದಿದರೆ ಪಿಷ್ಟ ಬೆಂದು ಹಿಡಿತ ಬರುತ್ತದೆ. ಅದಕ್ಕೆ ಮೂರನೇ ಒಂದು ಪಾಲು ಗೋಧಿ ಹಿಟ್ಟು, ನೆನೆಸಿ ಹಿಂಡಿದ ಶೇಂಗಾ ಹಿಂಡಿ, ಚಿಟಿಕೆ ಬೆಲ್ಲ ಸೇರಿಸಿ, ಬೆರಳಿಗೆ ಹತ್ತದೆ ಆದರೆ ಒತ್ತಿದರೆ ಬಿರಿಯದೆ ಇರುವ ಹದಕ್ಕೆ ತರಬೇಕು. ಗೋಲಿಯಷ್ಟು ಉಂಡೆ ಮಾಡಿ, ಮುಳ್ಳಿನ ಬಾಗು ಪೂರ್ತಿ ಮುಚ್ಚಿ, ಮೊನೆ ಮಾತ್ರ ಕಂಡೂ ಕಾಣದಂತೆ ಬಿಡಬೇಕು. ಉಂಡೆ ಗಟ್ಟಿಯಾದರೆ ಮೊನೆ ಮೀನಿನ ತುಟಿಗೆ ನಾಟುವುದಿಲ್ಲ. ಮೆತ್ತಗಾದರೆ ಬೀಸುವಾಗಲೇ ಹಾರಿಹೋಗುತ್ತದೆ. ಹಿರಿಯರ 'ಸುಮ್ಮನೆ ಹಿಟ್ಟು ಹಾಕು' ಎಂಬ ಮಾತಿನ ಹಿಂದೆ ಇಷ್ಟು ಕೈಚಳಕ ಅಡಗಿದೆ, ಅದನ್ನು ಅವರು ಸಾಮಾನ್ಯವಾಗಿ ಬಿಡಿಸಿ ಹೇಳುವುದಿಲ್ಲ.

ಲೂರ್ ಪಕ್ಷದವರು ಕೈ ಇಡುವುದು ಈ ತೊಡಕಿನ ಮೇಲೆಯೇ. ಅವರ ಪ್ರಕಾರ ಎರೆ ಹಾಕಿ ಕೂತವನು ಹೆಚ್ಚಿನ ಹೊತ್ತು ಕಲಿಯುವುದೇ ಇಲ್ಲ, ಕಾಯುತ್ತಾನೆ. ಬೆಂಡು ಅಲುಗದಿದ್ದರೆ ಮೀನು ಇಲ್ಲವೋ, ಎರೆ ಕರಗಿದೆಯೋ, ಆಳ ತಪ್ಪಿದೆಯೋ ತಿಳಿಯದು. ಸಣ್ಣ ಮೀನುಗಳು ಹುಳದ ಬಾಲವನ್ನೇ ಕಚ್ಚಿಕೊಂಡು ಹೋಗುತ್ತಿದ್ದರೆ ದೊಡ್ಡದಕ್ಕೆ ಸರದಿಯೇ ಬರುವುದಿಲ್ಲ. ಲೂರ್ ಎಸೆಯುವವನು ಹಾಗಲ್ಲ. ಒಂದು ಜಾಗದಲ್ಲಿ ಹತ್ತು ಬಾರಿ ಎಸೆದು, ಮುಂದಕ್ಕೆ ನಡೆದು, ಜೊಂಡಿನ ಅಂಚು, ಕಲ್ಲಿನ ನೆರಳು, ಕಾಲುವೆ ಬಂದು ಸೇರುವ ಬಾಯಿ ಎಲ್ಲವನ್ನೂ ತಡಕುತ್ತಾನೆ. ಸಂಜೆಯೊಳಗೆ ಆ ದಂಡೆಯ ನಕ್ಷೆ ಅವನ ತಲೆಯಲ್ಲಿ ಇರುತ್ತದೆ. ಈ ವಾದದಲ್ಲಿ ತಿರುಳಿದೆ. ನೀರನ್ನು ಓದಲು ಕಲಿಸುವ ವಿಷಯದಲ್ಲಿ ಲೂರ್ ಹೆಚ್ಚು ಚುರುಕಾದ ಮೇಷ್ಟ್ರು ಎಂಬುದನ್ನು ಹಿಟ್ಟಿನವರೂ ಒಪ್ಪಬಹುದು.

ಕೊರವದ ವಿಷಯಕ್ಕೆ ಬಂದರಂತೂ ಅವರ ವಾದ ಇನ್ನೂ ಬಲವಾಗುತ್ತದೆ. ಅಂತರಗಂಗೆ ಹೊದ್ದ ಕೆರೆಯಲ್ಲಿ ಬೆಂಡು ಕಟ್ಟಿದ ಗಾಳ ಇಳಿಯಲು ಜಾಗವೇ ಇರುವುದಿಲ್ಲ. ರಬ್ಬರಿನ ಕಪ್ಪೆಯ ಎರಡು ಮುಳ್ಳುಗಳು ಬೆನ್ನಿಗೆ ಅಂಟಿಕೊಂಡು ಮೇಲ್ಮುಖವಾಗಿ ಇರುವುದರಿಂದ ಎಲೆಗಳ ಮೇಲೆ ಜಾರಿಸಿಕೊಂಡು ತರಬಹುದು. ಎಲೆಯ ಸಂದಿನ ತೆರವಿಗೆ ಬಂದಾಗ ಒಂದು ಕ್ಷಣ ನಿಲ್ಲಿಸಿದರೆ ಕೆಳಗಿನಿಂದ ಕೊರವ ಗಬಕ್ಕನೆ ಬಾಯಿ ಹಾಕುತ್ತದೆ. ಹೊಸಬರು ಆ ಸದ್ದಿಗೆ ಬೆಚ್ಚಿ ಕೂಡಲೇ ಎಳೆದುಬಿಡುತ್ತಾರೆ, ಕಪ್ಪೆ ಖಾಲಿ ಬರುತ್ತದೆ. ಮೀನು ಅದನ್ನು ಒಳಗೆ ತೆಗೆದುಕೊಂಡು ತಿರುಗುವವರೆಗೆ ತಡೆದರೆ ಮಾತ್ರ ಮುಳ್ಳು ನಾಟುತ್ತದೆ. ಇದೆಲ್ಲ ಈಚಿನ ಹುಡುಗರ ಷೋಕಿ ಎಂದು ಮೂಗು ಮುರಿಯುವವರಿಗೆ ಒಂದು ಸಂಗತಿ: ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಎಚ್.ಎಸ್. ಥಾಮಸ್ 1873ರಲ್ಲಿ 'ದಿ ರಾಡ್ ಇನ್ ಇಂಡಿಯಾ' ಎಂಬ ಪುಸ್ತಕವನ್ನೇ ಬರೆದ. ನಮ್ಮ ಹೊಳೆಗಳಲ್ಲಿ ತಗಡಿನ ಸ್ಪೂನ್ ತಿರುಗಿದ್ದು ನಿನ್ನೆ ಮೊನ್ನೆಯಲ್ಲ.

ಇದಕ್ಕೆ ಹಿಟ್ಟಿನವರ ಮರುವಾದ ಮಲಪ್ರಭೆಯ ಬಣ್ಣದಲ್ಲಿದೆ. ಲೂರ್ ಕಣ್ಣಿಗೆ ಮಾಡುವ ಮೋಸ. ಮೀನಿಗೆ ಅದು ಕಾಣಬೇಕು, ಇಲ್ಲವೇ ಅದರ ನಡುಕ ತಟ್ಟಬೇಕು. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ತಿಳಿಯಾಗಿ ಹುಟ್ಟುವ ಈ ಹೊಳೆ ಎರೆ ಹೊಲಗಳ ಮಣ್ಣು ಹೊತ್ತು ಬರುವಾಗ, ಜೂನ್‌ನಿಂದ ಕೆಲವು ತಿಂಗಳು ಗೇಣುದ್ದದ ಆಚೆ ಏನೂ ಕಾಣದಷ್ಟು ಕದಡಿರುತ್ತದೆ. ಆಗ ಕೆಲಸ ಮಾಡುವುದು ವಾಸನೆ: ಹಿಂಡಿ, ಎರೆಹುಳ, ಕೋಳಿ ಕರುಳು. ಮೇಲಾಗಿ ಜಲಾಶಯದ ಅಂಚಿನಲ್ಲಿ ಮುಳುಗಿದ ಬಳ್ಳಾರಿ ಜಾಲಿಯ ಬುಡಗಳಿವೆ. ಇನ್ನೂರು, ಮುನ್ನೂರು ರೂಪಾಯಿ ಕೊಟ್ಟು ತಂದ ಪ್ಲಾಸ್ಟಿಕ್ ಮೀನನ್ನು ಹೊಸಬ ಮೊದಲ ದಿನವೇ ಜಾಲಿಗೆ ದಾನ ಕೊಟ್ಟು ಬರುವ ಸಂಭವ ಕಡಿಮೆಯೇನಲ್ಲ. ಚಳಿಗಾಲ ಕಳೆದು ನೀರು ತಿಳಿಯಾದಾಗ ಈ ಆಕ್ಷೇಪದ ಅರ್ಧ ಬಲ ಹೋಗುತ್ತದೆ. ಜಾಲಿ ಮಾತ್ರ ಅಲ್ಲೇ ಇರುತ್ತದೆ.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರ. ಕೊರವ ಮರಿ ಸಾಕುವ ಮೀನು. ಮಳೆಗಾಲದಲ್ಲಿ ಕೆಂಪು ಮರಿಗಳ ಹಿಂಡು ನೀರಿನ ಮೇಲೆ ಗುಳ್ಳೆ ಎಬ್ಬಿಸುತ್ತ ಸಾಗುವಾಗ ತಂದೆತಾಯಿ ಕೆಳಗೆ ಕಾವಲಿರುತ್ತವೆ. ಆ ಹಿಂಡಿನ ನಡುವೆ ಕಪ್ಪೆ ಲೂರ್ ಎಳೆದರೆ ಕಾವಲಿನ ಮೀನು ಹಸಿವಿಲ್ಲದಿದ್ದರೂ ಸಿಟ್ಟಿಗೆ ಬಾಯಿ ಹಾಕುತ್ತದೆ. ಲೂರ್ ಕಲೆಯಲ್ಲಿ ಇದು ಅತ್ಯಂತ ಸುಲಭದ ಜಯ, ಆದ್ದರಿಂದಲೇ ಹೊಸಬರಿಗೆ ದೊಡ್ಡ ಆಮಿಷ. ಕಾವಲು ಹೋದ ಮೇಲೆ ಮರಿಗಳು ಬೇರೆ ಮೀನುಗಳ ಪಾಲಾಗುತ್ತವೆ. ಲೂರ್ ಹಿಡಿಯುವವರಲ್ಲಿ ಮರಿಹಿಂಡು ಕಂಡರೆ ದೂರ ಸರಿಯುವವರೂ ಇದ್ದಾರೆ, ಅವರ ಮಾತನ್ನು ಇಲ್ಲಿ ದಾಖಲಿಸುವುದು ನ್ಯಾಯ. ದೋಷ ಉಪಕರಣದ್ದಲ್ಲ, ಬಳಸಿದ ಸಮಯದ್ದು ಎಂಬುದು ಅವರ ಉತ್ತರ. ಆ ಉತ್ತರ ಸರಿಯೇ. ಆದರೆ ಹೊಸಬರಿಗೆ ಅಷ್ಟು ಸಂಯಮ ಇರುತ್ತದೆಯೇ ಎಂಬ ಪ್ರಶ್ನೆ ಉಳಿಯುತ್ತದೆ.

ಜೀವಂತ ಎರೆಯ ವಿಷಯದಲ್ಲಿ ತಕ್ಕಡಿ ಮತ್ತೆ ಲೂರಿನ ಕಡೆ ವಾಲುತ್ತದೆ. ಕೊರವ, ಬಾಳೆಮೀನಿಗೆ ಸಣ್ಣ ಮೀನನ್ನೋ ಕಪ್ಪೆಯನ್ನೋ ಜೀವಸಹಿತ ಮುಳ್ಳಿಗೆ ಸಿಕ್ಕಿಸುವುದು ಹಳೆಯ ರೂಢಿ. ಗದ್ದೆ, ಹೊಲದ ಕೀಟ ತಿನ್ನುವ ಕಪ್ಪೆಗಳು ಬರಿದಾಗುತ್ತಿವೆ ಎಂಬ ಆತಂಕದಿಂದಲೇ ಭಾರತ 1987ರಲ್ಲಿ ಕಪ್ಪೆಕಾಲಿನ ರಫ್ತನ್ನು ನಿಲ್ಲಿಸಿತು. ಅಂಥ ಪ್ರಾಣಿಯನ್ನು ಹವ್ಯಾಸಕ್ಕಾಗಿ ಮುಳ್ಳಿಗೆ ಚುಚ್ಚುವುದಕ್ಕೆ ಈಗ ಸಮರ್ಥನೆ ಕಷ್ಟ, ರಬ್ಬರಿನ ಕಪ್ಪೆ ಅಂಗಡಿಯಲ್ಲಿ ಸಿಗುವಾಗ ಇನ್ನೂ ಕಷ್ಟ. ಒಂದು ಕೆರೆಯ ಮರಿಮೀನನ್ನು ಎರೆಗೆಂದು ಕೊಡದಲ್ಲಿ ತುಂಬಿ ಇನ್ನೊಂದು ಕೆರೆಗೆ ಒಯ್ದು, ಉಳಿದದ್ದನ್ನು ಅಲ್ಲೇ ಚೆಲ್ಲಿ ಬರುವುದರಿಂದ ಬೇಡದ ಜಾತಿಗಳು ಹರಡುತ್ತವೆ. ತಿಲಾಪಿಯ ಒಮ್ಮೆ ಹೊಕ್ಕ ನೀರಿನಿಂದ ಅದನ್ನು ಹೊರಹಾಕುವುದು ಎಂಥ ಕೆಲಸ ಎಂದು ಕೆರೆ ಗುತ್ತಿಗೆ ಹಿಡಿದವರನ್ನು ಕೇಳಬೇಕು.

ಎರೆಹುಳದ ಬಗ್ಗೆ ಈ ತಕರಾರು ಅಷ್ಟು ಗಟ್ಟಿಯಲ್ಲ. ಬೇಸಿಗೆಯಲ್ಲಿ ಬಿರುಕುಬಿಟ್ಟ ಎರೆ ಹೊಲದಲ್ಲಿ ಹುಳ ಆಳಕ್ಕಿಳಿದು ಸಿಗುವುದಿಲ್ಲ ಎಂಬುದು ನಿಜ. ಬಚ್ಚಲ ನೀರು ಹರಿಯುವ ತೋಡಿನ ಬದಿ, ಎರೆಹುಳ ಗೊಬ್ಬರದ ತೊಟ್ಟಿ ಇದ್ದರೆ ವರ್ಷವಿಡೀ ಸಿಗುತ್ತದೆ.

ಮೀನಿಗೆ ಆಗುವ ಗಾಯದ ಲೆಕ್ಕದಲ್ಲಿ ಎರಡೂ ಕಡೆ ಕೊಡುವುದು, ತೆಗೆದುಕೊಳ್ಳುವುದು ಇದೆ. ಹುಳ, ಮಾಂಸವನ್ನು ಮೀನು ಊಟವೆಂದೇ ನುಂಗುವುದರಿಂದ ಮುಳ್ಳು ಗಂಟಲು ದಾಟುವ ಸಾಧ್ಯತೆ ಹೆಚ್ಚು. ಅಂಥ ಮೀನನ್ನು ಬಿಟ್ಟರೂ ಬದುಕುವ ಭರವಸೆ ಕಡಿಮೆ. ಲೂರ್ ಸಾಮಾನ್ಯವಾಗಿ ತುಟಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಆದರೆ ಪ್ಲಾಸ್ಟಿಕ್ ಮೀನಿನ ಹೊಟ್ಟೆಗೂ ಬಾಲಕ್ಕೂ ತೂಗುವ ಮೂರು ಮೊನೆಯ ಮುಳ್ಳುಗಳು ಕಣ್ಣು, ಕಿವಿರುಗಳನ್ನು ಹರಿಯಬಲ್ಲವು, ಹಿಡಿದವನ ಬೆರಳನ್ನೂ ಬಿಡುವುದಿಲ್ಲ. ಹಿಡಿದದ್ದನ್ನು ಮನೆಗೆ ಒಯ್ದು ಸಾರು ಮಾಡುವವರಿಗೆ ಈ ಚರ್ಚೆ ಅನವಶ್ಯಕ ಎನಿಸಬಹುದು. ಬಿಟ್ಟುಬಿಡುವವರಿಗೆ ಇದೇ ಮುಖ್ಯ. ನಮ್ಮ ಕಡೆಯ ಅನೇಕ ಮನೆಗಳಲ್ಲಿ ಮೀನು ಒಲೆಯ ಹತ್ತಿರವೂ ಬರುವಂತಿಲ್ಲ. ಆ ಮನೆಯ ಹುಡುಗನಿಗೆ ಗಾಳದ ಹುಚ್ಚು ಹತ್ತಿದರೆ ಅವನು ಹಿಡಿದು ಬಿಡುವವನೇ ಆಗಿರುತ್ತಾನೆ. ಹುಳ ಚುಚ್ಚಲು ಅವನ ಕೈ ಹಿಂಜರಿದರೆ ಹಿಟ್ಟೋ ಲೂರೋ ಅವನಿಗೆ ಉಳಿದ ದಾರಿ. ಮೀನನ್ನೇ ಮುಳ್ಳಿಗೆ ಸಿಕ್ಕಿಸುವವನು ಹುಳಕ್ಕೆ ಮರುಗುವುದು ವಿಚಿತ್ರ ಎನ್ನುವವರಿದ್ದಾರೆ. ವಿಚಿತ್ರವಾದರೂ ಆ ಹಿಂಜರಿಕೆಯನ್ನು ಗೌರವಿಸುವುದರಲ್ಲಿ ನಷ್ಟವೇನಿಲ್ಲ.

ದಂಡೆಯ ಕಸದ ಮಟ್ಟಿಗೆ ಇಬ್ಬರೂ ತಪ್ಪಿತಸ್ಥರು. ಕಡಿದು ಎಸೆದ ತಂಗೂಸು ಬೆಳ್ಳಕ್ಕಿಯ ಕಾಲಿಗೂ ಮೇಯುವ ಎಮ್ಮೆಯ ಗೊರಸಿಗೂ ಸುತ್ತಿಕೊಳ್ಳುತ್ತದೆ, ಅದು ಹಿಟ್ಟಿನ ಗಾಳದ್ದೋ ಲೂರಿನದೋ ಎಂದು ನೋಡುವುದಿಲ್ಲ. ಇಂಗ್ಲೆಂಡಿನಲ್ಲಿ ಸೀಸದ ಗುಂಡು ನುಂಗಿ ಹಂಸಗಳು ಸಾಯತೊಡಗಿದ ಮೇಲೆ ಗಾಳಕ್ಕೆ ಕಟ್ಟುವ ಸಣ್ಣ ಸೀಸದ ಗುಂಡುಗಳ ಮಾರಾಟವನ್ನು ಅದೇ 1987ರಲ್ಲಿ ನಿಷೇಧಿಸಿದರು. ಇಲ್ಲಿ ಗುಂಡಿನ ಬದಲು ಕಬ್ಬಿಣದ ಹಳೆಯ ನಟ್ಟು ಕಟ್ಟಿದರೂ ಕೆಲಸ ನಡೆಯುತ್ತದೆ.

ಈ ವ್ಯಾಜ್ಯಕ್ಕೆ ನಮ್ಮ ನೆಲದಲ್ಲೇ ಒಂದು ಹಳೆಯ ಸಾಕ್ಷಿ ಇದೆ. ಸವದತ್ತಿಯ ರಟ್ಟರು ಕಲ್ಯಾಣದ ಚಾಲುಕ್ಯರಿಗೆ ಸಾಮಂತರಾಗಿದ್ದ ಕಾಲದಲ್ಲಿ, ಹನ್ನೆರಡನೆಯ ಶತಮಾನದ ಮೊದಲರ್ಧದಲ್ಲಿ, ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 'ಮಾನಸೋಲ್ಲಾಸ'ವನ್ನು ಸಂಸ್ಕೃತದಲ್ಲಿ ರಚಿಸಿದ. ರಾಜನ ವಿನೋದಗಳನ್ನು ವಿವರಿಸುವ ಭಾಗದಲ್ಲಿ ಮತ್ಸ್ಯವಿನೋದ ಎಂಬ ಅಧ್ಯಾಯವೇ ಇದೆ. ಮೀನಿನ ಜಾತಿಗಳು, ಅವುಗಳ ಆಹಾರ, ಗಾಳ ಹಾಕುವ ಬಗೆ ಇವೆಲ್ಲ ಅದರ ವಿಷಯ. ಪ್ರಾಣಿಶಾಸ್ತ್ರಜ್ಞ ಸುಂದರ್ ಲಾಲ್ ಹೋರಾ 1951ರಲ್ಲಿ ಅದರ ಬಗ್ಗೆ ಲೇಖನ ಪ್ರಕಟಿಸಿ ವಿದ್ವಾಂಸರ ಗಮನ ಸೆಳೆದರು. ಗಾಳದ ಬಗ್ಗೆ ಇಂಗ್ಲಿಷಿನಲ್ಲಿ ಅಚ್ಚಾದ ಮೊದಲ ಬರಹ ಬಂದದ್ದು 1496ರಲ್ಲಿ. ಇದನ್ನು ಹೆಮ್ಮೆಗಾಗಿ ಹೇಳುತ್ತಿಲ್ಲ. ಮೀನನ್ನು ಅರಿತು ಆಮೇಲೆ ಗಾಳ ಎಂಬ ಕ್ರಮ ಆ ಅಧ್ಯಾಯದ ರಚನೆಯಲ್ಲೇ ಇದೆ, ಇಂದಿನ ಎರಡೂ ಪಕ್ಷಗಳು ಆತುರದಲ್ಲಿ ಮರೆಯುವುದು ಅದನ್ನೇ.

ಹಾಗಾದರೆ ಹೊಸಬರಿಗೆ ಏನು ಹೇಳಬೇಕು? ಇಷ್ಟು ತೂಗಿದ ಮೇಲೆ ನನ್ನ ಒಲವು, ತುಸು ಎಚ್ಚರದಿಂದಲೇ, ಹಿಟ್ಟಿನಿಂದ ಆರಂಭಿಸುವ ಕಡೆಗಿದೆ. ಕಾರಣ ಸಂಪ್ರದಾಯವಲ್ಲ. ನಮ್ಮ ನೀರಿನಲ್ಲಿ ಗೆಂಡೆ ಜಾತಿಯ ಮೀನು ಹೆಚ್ಚು, ವರ್ಷದ ಹಲವು ತಿಂಗಳು ನೀರು ಕದಡಿರುತ್ತದೆ, ಕಲಿಯುವವನ ಕೈಯಲ್ಲಿ ಹಣ ಕಡಿಮೆ ಎಂಬ ಮೂರು ಸಂಗತಿಗಳು ಒಂದೇ ಕಡೆ ಬೊಟ್ಟು ಮಾಡುತ್ತವೆ. ಮೊದಲ ಹಂಗಾಮಿಗೆ ಎಸರು ಹಾಕಿ ನಾದಿದ ಹಿಟ್ಟು, ಮನಸ್ಸು ಒಪ್ಪಿದರೆ ಎರೆಹುಳ ಸಾಕು. ಆದರೆ ಅಲ್ಲಿಗೇ ನಿಂತುಬಿಟ್ಟರೆ ಲೂರ್ ಪಕ್ಷದವರು ಹೇಳುವ ಆಲಸ್ಯ ನಿಜವಾಗಿ ಅಂಟಿಕೊಳ್ಳುತ್ತದೆ. ನೀರು ತಿಳಿಯಾದ ಮೇಲೆ ಒಂದು ಸ್ಪೂನ್, ಒಂದು ರಬ್ಬರ್ ಕಪ್ಪೆ ಕೊಂಡರೆ ಕಲಿಕೆಗೆ ಧಾರಾಳ. ಡಬ್ಬಿ ತುಂಬ ಬಣ್ಣಬಣ್ಣದವು ಬೇಡ. ಮೂರು ಮೊನೆಯ ಮುಳ್ಳನ್ನು ತೆಗೆದು ಒಂಟಿ ಮುಳ್ಳು ಹಾಕಿಕೊಳ್ಳುವುದು ಮೀನಿಗೂ ಬೆರಳಿಗೂ ಕ್ಷೇಮ. ಜೀವಂತ ಕಪ್ಪೆಯನ್ನು, ಬೇರೆ ಕೆರೆಯಿಂದ ತಂದ ಮರಿಮೀನನ್ನು ಬಳಸುವ ಪದ್ಧತಿಯನ್ನು ಬಿಡಬಹುದು, ಮರಿಹಿಂಡಿನ ಮೇಲೆ ಲೂರ್ ಎಸೆಯುವುದನ್ನೂ ಬಿಡಬಹುದು. ಕಾವೇರಿಯ ದಂಡೆಯಲ್ಲೋ ಕೇವಲ ಕೊರವ ಇರುವ ಹಳೆಯ ಕಲ್ಲುಗಣಿಯ ನೀರಿನಲ್ಲೋ ಕಲಿಯುವವರಿಗೆ ಈ ಕ್ರಮ ಬೇರೆಯಾಗಬಹುದು, ಅದನ್ನು ಅಲ್ಲಿಯವರೇ ತೀರ್ಮಾನಿಸಲಿ.

ಗಾಳ ಬಿಚ್ಚುವ ಮೊದಲು ಮಾತ್ರ ಒಂದು ಕೆಲಸ ಮಾಡಿ. ಕೆರೆ, ಜಲಾಶಯಗಳ ಮೀನುಗಾರಿಕೆ ಕರ್ನಾಟಕ ಒಳನಾಡು ಮೀನುಗಾರಿಕೆ ಕಾಯ್ದೆ, 1996ರ ಅಡಿಯಲ್ಲಿ ಗುತ್ತಿಗೆ, ಪರವಾನಗಿಗೆ ಒಳಪಟ್ಟಿದೆ. ಆ ನೀರಿಗೆ ಮರಿ ಬಿಟ್ಟವರು, ಅದನ್ನೇ ನಂಬಿ ಬದುಕುವ ಅಂಬಿಗೇರರು ಅಲ್ಲೇ ಇರುತ್ತಾರೆ. ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ, ಗುತ್ತಿಗೆದಾರರಲ್ಲಿ ವಿಚಾರಿಸಿ ಒಪ್ಪಿಗೆ ಪಡೆದುಕೊಳ್ಳಿ. ಆ ನೀರಿನಲ್ಲಿ ಯಾವ ಮೀನು ಇದೆ, ಅದು ಈಗ ಏನು ತಿನ್ನುತ್ತಿದೆ ಎಂಬುದನ್ನೂ ಅವರನ್ನೇ ಕೇಳಿ.